ಮೊಳೆಯಿಲ್ಲದ ಅಕ್ಷರ

ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆ ಕಾರ್ಡ್ ಮಾಡಿಸಲು ಲಷ್ಕರ್ ಮೊಹಲ್ಲಾದ ಒಂದು ಅಂಗಡಿಗೆ ಹೋಗಿದ್ದೆ. ಕಾರ್ಡೆಲ್ಲ ಈಗ ಕಂಪ್ಯೂಟರಿನಲ್ಲೇ ಆಗುತ್ತದೆ. ಆದರೆ ಒಳಗಿನ ಕೋಣೆಯಲ್ಲಿ ಬಿಲ್ ಪುಸ್ತಕಗಳಿಗೆ ನಂಬರ್ ಹೊಡೆಯುವ ಹಳೆಯ ಯಂತ್ರವೊಂದು ಇನ್ನೂ ಇತ್ತು. ಯಾರೋ ಅದನ್ನು ಸೀಮೆಎಣ್ಣೆ ಹಾಕಿ ಒರೆಸುತ್ತಿದ್ದರು. ಸೀಮೆಎಣ್ಣೆ, ಮಸಿ, ಹಳೆ ಬಟ್ಟೆ... ಆ ವಾಸನೆ ಮೂಗಿಗೆ ಬಡಿದ ಮೇಲೆ, ಕಾರ್ಡಿಗೆ ಯಾವ ಗಣಪತಿ ಬೇಕು ಎಂದು ಅಂಗಡಿಯವರು ಎರಡು ಸಲ ಕೇಳಿದ್ದು ನನಗೆ ಕೇಳಿಸಲೇ ಇಲ್ಲ. ವಾಸನೆಯಿಂದ ನೆನಪು ಬರುವುದು ಕಥೆ ಬರೆಯುವವರ ಅನುಕೂಲಕ್ಕೆ ಹುಟ್ಟಿಸಿದ ಮಾತು ಎಂದು ನಾನು ಹಿಂದೊಮ್ಮೆ ವಾದಿಸಿದ್ದೆ. ಸರಿ, ಆ ವಾದ ವಾಪಸ್.

ಆ ವಾಸನೆ ನೆನಪಿಗೆ ತಂದವರು ಬನ್ನಿಮಂಟಪದಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ಬೀದಿಗೆಲ್ಲ ಪ್ರೂಫ್ ಅಂಕಲ್. ಒಂದೊಂದು ಅಕ್ಷರಕ್ಕೂ ಇದ್ದ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಿಂದ ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದಿ ನಿವೃತ್ತರಾದವರು. ಭಾನುವಾರ ಚರ್ಚಿನಿಂದ ಬರುವಾಗಲೂ ಬಿಳಿ ಶರ್ಟಿನ ಜೇಬಿನಲ್ಲಿ ಕೆಂಪು ಪೆನ್ನು ಇರುತ್ತಿತ್ತು. ಒಮ್ಮೆ ಹೋಟೆಲಿನವರಿಗೆ ಬೋರ್ಡಿನ ‘ಸಸ್ಯಹಾರಿ’ಗೆ ದೀರ್ಘ ಬಿಟ್ಟುಹೋಗಿದೆ ಎಂದು ಹೇಳಲು ಹೋಗಿ, “ನಿಮಗ್ಯಾಕ್ರೀ ಅದು, ನೀವು ಚಿಕನ್ ತಿನ್ನೋರು” ಎನ್ನಿಸಿಕೊಂಡು ನಗುತ್ತಾ ಬಂದಿದ್ದರು.

ಕಾಲೇಜಿನಲ್ಲಿ ಹಳಗನ್ನಡ ನನ್ನ ತಲೆಗೆ ಹತ್ತದಿದ್ದಾಗ ಅಮ್ಮ ಅವರ ಹತ್ತಿರ ಕಳಿಸಿದಳು. ನಾನು ಆಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಷೀಲ್ಡು ತರುತ್ತಿದ್ದವಳು. ಪದ್ಯವೆಂದರೆ ಸುತ್ತಿ ಬಳಸಿ ಹೇಳಿದ ಗದ್ಯ ಎಂದು ಮೊದಲ ದಿನವೇ ಅವರ ಮುಖಕ್ಕೆ ಹೇಳಿದೆ. “ಇರಬಹುದು” ಎಂದರು ಅಷ್ಟೆ. ಅಲಂಕಾರಗಳ ಹೆಸರನ್ನು ಬಾಯಿಪಾಠ ಮಾಡಿಸಲಿಲ್ಲ. ಸಾಲನ್ನು ಬಿಡಿಸಿ, ಪದವನ್ನು ಪದದಿಂದ ಬೇರೆ ಮಾಡಿ ತೋರಿಸುತ್ತಿದ್ದರು.

“ಕವಿ ಏನು ಹೇಳ್ದ ಅನ್ನೋದು ಆಮೇಲೆ ಕಣಮ್ಮ. ಎಲ್ಲಿ ಬಾಯಿ ಮುಚ್ಕೊಂಡ, ಮೊದಲು ಅದನ್ನ ಹುಡುಕು.”

ಅಡುಗೆಮನೆಯಿಂದ ಆಂಟಿಯ ದನಿ ಬರುತ್ತಿತ್ತು: “ಅದನ್ನ ನೀವೂ ಸ್ವಲ್ಪ ಕಲೀರಿ!”

ಅವರಿಗೆ ತುಂಬ ಪ್ರಿಯವಾದ ಪದ್ಯವೊಂದಿತ್ತು. ಯುದ್ಧಕ್ಕೆ ಹೊರಟ ಗಂಡನನ್ನು ಒಬ್ಬ ಹೆಣ್ಣು ಬೀಳ್ಕೊಡುತ್ತಾಳೆ. ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ಅರ್ಧ ಕಟ್ಟಿದ ಹೂವಿನ ಸರ, ಮುಖದಲ್ಲಿ ನಗು. ಪದ್ಯದ ಕೊನೆಯ ಮಾತು ‘ಅರಿದಳ್’. ಎಲ್ಲ ತೊಡಕೂ ಆ ಒಂದು ಮಾತಿನಲ್ಲಿದೆ. ನಾವು ಈಗ ಬರೆಯುವ ಒಂದು ರಕಾರದ ಜಾಗದಲ್ಲಿ ಆಗ ಎರಡಿದ್ದವು. ಎರಡನೆಯದು ಗಟ್ಟಿಯಾಗಿ ನುಡಿಯುವ ಶಕಟರೇಫ, ಱ. ಸಾದಾ ರಕಾರದ ‘ಅರಿದಳ್’ ಅಂದರೆ ಕತ್ತರಿಸಿದಳು. ಶಕಟರೇಫದ ‘ಅಱಿದಳ್’ ಅಂದರೆ ತಿಳಿದಳು. ಅವಳು ಸರವನ್ನು ಕತ್ತರಿಸಿದಳೋ, ಅವನು ತಿರುಗಿ ಬರುವುದಿಲ್ಲವೆಂದು ತಿಳಿದಳೋ?

“ತಿಳಿದಳು” ಎಂದರು ಅವರು. “ತಿಳಿದೂ ನಗ್ತಾ ನಿಂತ್ಳು. ಕವಿ ಅಲ್ಲಿ ಬಾಯಿ ಮುಚ್ಕೊಂಡ.”

ಪುಸ್ತಕದಲ್ಲಿ ಸಾದಾ ರಕಾರವೇ ಇದೆಯಲ್ಲ ಎಂದೆ. ಅವರು ಆಂಟಿಗೂ ಹೇಳಿರದ ಸಂಗತಿಯನ್ನು ನನಗೆ ಹೇಳಿದರು. ಆ ಪುಸ್ತಕ ಅಚ್ಚಾದದ್ದು ಅವರ ಪ್ರೆಸ್ಸಿನಲ್ಲೇ, ಕರಡು ತಿದ್ದಿದವರೂ ಅವರೇ. ಪ್ರೆಸ್ಸಿನಲ್ಲಿ ಱ ಅಕ್ಷರದ ಮೊಳೆಯೇ ಇರಲಿಲ್ಲ. ‘ಯಾರು ನೋಡ್ತಾರೆ, ರ ಹಾಕ್ಬುಡಿ’ ಎಂದಿದ್ದರಂತೆ ಮಾಲೀಕರು. ಕೊನೆಗೊಂದು ತಿದ್ದುಪಡಿ ಹಾಳೆಯನ್ನಾದರೂ ಸೇರಿಸೋಣವೆಂದು ಇವರು ಕೇಳಿಕೊಂಡರೂ ಅದು ಬರಲಿಲ್ಲ. “ಪುಸ್ತಕದ ತುಂಬಾ ನನ್ನ ತಪ್ಪು ಕಣಮ್ಮ. ಹೆಸರೂ ಹಾಕಿದಾರೆ, ಕರಡು ತಿದ್ದಿದವರು ಅಂತ.” ಹೇಳುವಾಗ ನನ್ನ ಕಡೆ ನೋಡಿರಲಿಲ್ಲ.

ನಮ್ಮ ಮಠದ ಹಾಸ್ಟೆಲಿನ ಹಾಲಿನಲ್ಲಿ ಆಗ ತಿಂಗಳಿಗೊಂದು ಕಾವ್ಯ ವಾಚನ ನಡೆಯುತ್ತಿತ್ತು. ನೋಡಿಕೊಳ್ಳುತ್ತಿದ್ದವರು ನನ್ನ ದೊಡ್ಡಪ್ಪ. ಓದಿ ಅರ್ಥ ಹೇಳುತ್ತಿದ್ದ ಹಿರಿಯರು ಊರು ಬಿಟ್ಟಿದ್ದರಿಂದ ಆ ಜಾಗ ಖಾಲಿಯಿತ್ತು. ಅದನ್ನು ಅಂಕಲ್‌ಗೆ ಕೊಡಿ ಎಂದು ನಾನೇ ದೊಡ್ಡಪ್ಪನ ಬೆನ್ನುಹತ್ತಿದೆ. ಚರ್ಚಿಗೆ ಹೋಗುವವರು ಮಠದ ಹಾಲಿನಲ್ಲಿ ಹಳೆಯ ಕಾವ್ಯ ಓದುವುದೇ ಎಂದು ಒಂದಿಬ್ಬರು ಗೊಣಗಿದರು. ದೊಡ್ಡಪ್ಪ ಒಂದು ದಿನ ಓದಿಸಿ ನೋಡೋಣ, ಜನ ಒಪ್ಪಿದರೆ ವರ್ಷವಿಡೀ ಅವರಿಗೇ, ಎಂದರು. ಸುದ್ದಿ ತಿಳಿಸಿದಾಗ ಅಂಕಲ್ ಕನ್ನಡಕ ತೆಗೆದು ಒರೆಸಿದರು. “ಜೀವಮಾನವೆಲ್ಲ ಬೇರೆಯವರ ಸಾಲನ್ನ ಬಾಯೊಳಗೇ ಓದಿದೀನಿ. ಒಂದ್ಸಲ ಗಟ್ಟಿಯಾಗಿ ಓದ್ಬೇಕು ಕಣಮ್ಮ.”

ಓದಿದರು. ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. ಆ ಪದ್ಯಕ್ಕೆ ಬಂದು, ತಿಳಿದಳು ಎಂದು ಅರ್ಥ ಹೇಳಿ ನಿಲ್ಲಿಸಿದಾಗ ಗೊಣಗಿದ್ದವರೂ ತಲೆದೂಗುತ್ತಿದ್ದರು. ಪ್ರಶ್ನೆಗಳೇನಾದರೂ ಇವೆಯೇ ಎಂದರು ದೊಡ್ಡಪ್ಪ. ಅಷ್ಟೇ. ನಾನು ಕೈ ಎತ್ತಿದೆ.

ಯಾಕೆ ಎತ್ತಿದೆ ಎಂಬುದಕ್ಕೆ ಇಷ್ಟು ವರ್ಷಗಳಲ್ಲಿ ಒಂದೂ ಒಳ್ಳೆಯ ಕಾರಣ ಸಿಕ್ಕಿಲ್ಲ. ಕಾಲೇಜಿನ ನಾಲ್ಕು ಜನ ಗೆಳೆಯರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎದುರಿನವರ ಮಾತಿನಲ್ಲಿ ಬಿರುಕು ಕಂಡರೆ ಬೆರಳು ಹಾಕದೆ ಇರಲಾಗದ ಚಟ ನನ್ನದು. ಅವಳು ಸರ ಕತ್ತರಿಸಿದಳು ಎಂದು ಶುರು ಮಾಡಿದೆ. ದೊಡ್ಡ ಕವಿ ‘ತಿಳಿದಳು’ ಎಂದು ಬಿಡಿಸಿ ಹೇಳುವುದಿಲ್ಲ, ಮಾಡಿದ್ದನ್ನು ತೋರಿಸಿ ಸುಮ್ಮನಾಗುತ್ತಾನೆ ಎಂದೆ. ಬಾಯಿ ಮುಚ್ಚಿಕೊಳ್ಳುವ ಆ ಪಾಠವೂ ಅವರದೇ! ಅದನ್ನು ಅವರಿಗೇ ತಿರುಗಿಸಿದ್ದೆ.

“ಅಲ್ಲಿ ಶಕಟರೇಫ ಇರಬೇಕಮ್ಮ” ಎಂದರು ಮೆಲ್ಲಗೆ.

“ಇರಬೇಕು ಅಂದ್ರೆ ಹೇಗೆ? ಪುಸ್ತಕದಲ್ಲಿ ಇಲ್ಲ. ತಿದ್ದಿದವರ ಹೆಸರೂ ನಿಮ್ಮದೇ ಇದೆ.” ಪುಸ್ತಕವನ್ನು ಎತ್ತಿ ಹಿಡಿದೆ. “ಪ್ರೂಫ್ ಎಲ್ಲಿ ಅಂಕಲ್?”

ಹಾಲೆಲ್ಲ ಗೊಳ್ಳೆಂದಿತು. ಪ್ರೂಫ್ ಅಂಕಲ್‌ಗೇ ಪ್ರೂಫ್ ಕೇಳಿದ ಹುಡುಗಿ! ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಗು ಅಡಗುವವರೆಗೆ ಅವರು ನನ್ನನ್ನೇ ನೋಡುತ್ತಿದ್ದರು. ಮೊಳೆ ಇರಲಿಲ್ಲ, ಮಾಲೀಕರು ಒಪ್ಪಲಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮೈಕಿನಿಂದ ಸ್ವಲ್ಪ ಹಿಂದೆ ಸರಿದು, “ನಿನಗೇ ಗೊತ್ತಲ್ಲಮ್ಮ” ಎಂದು ಪುಸ್ತಕ ಮುಚ್ಚಿದರು.

ಸಭೆ ಅದನ್ನು ಸೋಲೊಪ್ಪಿಕೊಂಡ ಮಾತೆಂದೇ ಕೇಳಿಸಿಕೊಂಡಿತು. ನನಗಿಂತ ನಿನಗೇ ಚೆನ್ನಾಗಿ ಗೊತ್ತು ಎಂದು. ಅದರ ಇನ್ನೊಂದು ಅರ್ಥ ಆ ಹಾಲಿನಲ್ಲಿ ತಿಳಿದಿದ್ದವಳು ನಾನೊಬ್ಬಳೇ. ನಾನು ಷೀಲ್ಡು ಗೆದ್ದವರ ಹಾಗೆ ನಗುತ್ತಾ ಕೂತೆ.

ವಾಚನ ಬೇರೆಯವರಿಗೆ ಹೋಯಿತು. ಅಂಕಲ್ ಮತ್ತೆಂದೂ ಎಲ್ಲೂ ಓದಲಿಲ್ಲ. ನನಗೆ ಪಾಠಕ್ಕೆ ಹೋಗಲು ಮುಖವಿರಲಿಲ್ಲ. ಪರೀಕ್ಷೆಯ ಓದು ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ಬೀದಿಯಲ್ಲಿ ಸಿಕ್ಕರೆ ಅವರು ಮೊದಲಿನಂತೆಯೇ, “ಏನಮ್ಮ ಲಾಯರಮ್ಮ, ಯಾರನ್ನ ಸೋಲಿಸಿ ಬಂದೆ ಇವತ್ತು?” ಎಂದು ನಗುತ್ತಿದ್ದರು. ಚುಚ್ಚಿ ಹೇಳಿದ್ದಲ್ಲ ಅದು, ಅದೇ ಕಷ್ಟವಾಗುತ್ತಿತ್ತು. ನಾಳೆ ಹೋಗಿ ಹೇಳೋಣ, ಮುಂದಿನ ಭಾನುವಾರ ಹೇಳೋಣ... ಹಾಗೆ ಎರಡು ವರ್ಷ ಕಳೆದವು. ಒಂದು ಬೆಳಿಗ್ಗೆ ಅವರ ಮನೆಯ ಮುಂದೆ ಕುರ್ಚಿಗಳನ್ನು ಇಳಿಸುತ್ತಿದ್ದುದು ಕಂಡಿತು.

ಅಂಕಲ್‌ರ ಮಣ್ಣು ಮುಗಿದ ಮೇಲೆ ಆಂಟಿಯ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರಿಗೆ ಶಕಟರೇಫ, ಮೊಳೆ ಒಂದೂ ಅರ್ಥವಾಗಲಿಲ್ಲ. “ನಮ್ಮನೆಯವರು ಏನೂ ಹೇಳ್ಲೇ ಇಲ್ವಲ್ಲಮ್ಮ” ಎಂದರು. “ಅವತ್ತು ಬಂದವರೇ ಶರ್ಟ್ ಬಿಚ್ಚಿ ಹಾಕಿ, ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿದ್ಳು ಗೊತ್ತಾ ಅಂದ್ರು. ಊಟ ಬೇಡ ಅಂದ್ರು, ಅಷ್ಟೆ.”

ಹೋದ ತಿಂಗಳು ಆ ಕಾರ್ಡಿನ ಅಂಗಡಿಯಿಂದ, ಈ ಸಲ ಮುಂದೂಡದೆ, ನೇರವಾಗಿ ದೊಡ್ಡಪ್ಪನ ಮನೆಗೆ ಹೋದೆ. ಆ ಪುಸ್ತಕದಲ್ಲಿ ಅಕ್ಷರವೇ ತಪ್ಪು, ಅಂಕಲ್ ಹೇಳಿದ್ದೇ ಸರಿ, ಅದು ನನಗೆ ಅವತ್ತೇ ಗೊತ್ತಿತ್ತು ಎಂದೆ. ಮೂರು ವಾಕ್ಯ. ಒಂದು ನಿಮಿಷವೂ ಹಿಡಿಯಲಿಲ್ಲ. ದೊಡ್ಡಪ್ಪ ಪೇಪರ್ ಮಡಿಸಿ ನನ್ನನ್ನು ನೋಡಿದರು.

“ಅವತ್ತೇ ಎದ್ದು ಇಷ್ಟು ಹೇಳಿದ್ರೆ ವಾಚನ ಅವರಿಗೇ ಕೊಟ್ಬುಡ್ತಿದ್ನಲ್ಲಮ್ಮ” ಎಂದರು. “ಓದಿದ್ದು ನನಗೂ ಇಷ್ಟ ಆಗಿತ್ತು.”

ಈಗ ನೀನೇ ಬಂದು ಒಂದು ದಿನ ಆ ಪದ್ಯ ಓದು, ಹಾಸ್ಟೆಲಿನ ಆ ಹಾಲ್ ಹೇಗೂ ಖಾಲಿ ಬಿದ್ದಿದೆ, ಎಂದರು. ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. “ಅದನ್ನ ಗಟ್ಟಿಯಾಗಿ ಓದ್ಬೇಕಾಗಿದ್ದವರು ಅಂಕಲ್, ನಾನಲ್ಲ” ಎಂದೆ.