ಫ್ರಿಜ್ ಬಂತು, ನಾವು ಏಳಲಿಲ್ಲ

2005ರ ಬೇಸಿಗೆ. ಆಗ ನಾನು ಬನಹಟ್ಟಿಯ ಒಂದು ಪಾವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದೆ. ಅಂದರೆ ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕಡ್ಡಿಗಳಿಗೆ ಸುತ್ತಿಕೊಡುವ ಕೆಲಸ. ಶೆಡ್ಡಿನ ಎದುರಿಗೇ ಮಲ್ಲಪ್ಪ ಕಾಕಾನ ಸೋಡಾ ಅಂಗಡಿ. ಗೋಲಿ ಸೋಡಾವನ್ನು ಅವನೇ ತಯಾರಿಸುತ್ತಿದ್ದ. ದಿನವಿಡೀ ಹತ್ತಿಯ ಧೂಳು ನುಂಗಿ ಕಟ್ಟಿಕೊಂಡ ಗಂಟಲಿಗೆ ಅವನ ನಿಂಬೆಹಣ್ಣು, ಉಪ್ಪು ಹಾಕಿದ ಸೋಡಾ ಇಳಿದರೆ, ಆಹಾ, ಹೋದ ಜೀವ ಬಂದಂತಾಗುತ್ತಿತ್ತು.

ಇನ್ನೊಂದು ಮಾತಿದೆ. ನಮ್ಮ ಓಣಿಯ ಚಹಾದಂಗಡಿಗಳಲ್ಲಿ ಗಂಡಸರದೇ ಕಾರುಬಾರು. ನಾವು ಹೆಂಗಸರು ಒಳಗೆ ಕಾಲಿಟ್ಟರೆ ಎಲ್ಲರ ಕಣ್ಣೂ ನಮ್ಮ ಮೇಲೆ. ಕಾಕಾ ಮಾತ್ರ ನಮಗೆಂದೇ ಒಂದು ಬೆಂಚು ಇಟ್ಟಿದ್ದ. ಅಲ್ಲಿ ಯಾವ ಗಂಡಸು ಕುಳಿತರೂ, “ಏಳಲೇ, ಅದು ಹೆಣ್ಮಕ್ಕಳ ಜಾಗಾ” ಎಂದು ಎಬ್ಬಿಸುತ್ತಿದ್ದ. ದಿನದಲ್ಲಿ ನಾವು ನೆಮ್ಮದಿಯಿಂದ ಕಾಲು ಚಾಚುತ್ತಿದ್ದದ್ದು ಅಲ್ಲೊಂದೇ ಕಡೆ.

ಒಂದು ಶನಿವಾರ ಹೋದರೆ ಕಾಕಾನ ಮುಖ ಸಪ್ಪಗಾಗಿತ್ತು.

“ಸೋಮವಾರದಿಂದ ಸೋಡಾ ಬಂದ್ ನೋಡವಾ. ಕೂಲ್‌ಡ್ರಿಂಕ್ಸ್ ಕಂಪನಿ ಏಜೆಂಟ ಪುಕ್ಕಟೆ ಫ್ರಿಜ್ ಕೊಡ್ತಾನಂತ. ಅವರ ಬಾಟ್ಲಿ ಬಿಟ್ಟು ಬ್ಯಾರೇದ್ದು ಮಾರಂಗಿಲ್ಲಂತ. ಜಾಗಾದ ಸಾವ್ಕಾರ್ರು ಹೂಂ ಅಂದಾರ. ಒಲ್ಲೆ ಅಂದ್ರ ಅಂಗಡಿ ಖಾಲಿ ಮಾಡು ಅಂತಾರ.”

“ಫ್ರಿಜ್ ಎಲ್ಲಿ ಇಡ್ತಿ ಕಾಕಾ?” ಎಂದೆ.

ಅವನು ನಾವು ಕುಳಿತಿದ್ದ ಬೆಂಚಿನ ಕಡೆ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಶೆಡ್ಡಿನ ಹೆಂಗಸರು ಗಂಡಸರು ಸೇರಿ ಹತ್ತು-ಹನ್ನೆರಡು ಮಂದಿ ಸಾಹುಕಾರರ ಮನೆಗೆ ಹೋದೆವು. ಜಗಳ ಬೇಡ, ಕೈ ಮುಗಿದು ಕೇಳೋಣ ಎಂದು ದಾರಿಯಲ್ಲೇ ಮಾತಾಗಿತ್ತು. ಆದರೆ ಮಗ್ಗದ ಸದ್ದಿನಲ್ಲಿ ದಿನಗಟ್ಟಲೆ ಬದುಕುವವರು ನಾವು. ಅಲ್ಲಿ ಒದರಿದರೇನೇ ಪಕ್ಕದವರಿಗೆ ಕೇಳುವುದು. ಅದೇ ನಮ್ಮ ಮಾಮೂಲಿ ದನಿಯಾಗಿಬಿಟ್ಟಿದೆ ಎಂಬುದು ನಮಗೇ ಗೊತ್ತಿರಲಿಲ್ಲ!

“ನಮಸ್ಕಾರ್ರೀ ಸಾವ್ಕಾರ್ರ!” ಎಂದು ಎಲ್ಲರೂ ಒಟ್ಟಿಗೆ ಅಂದೆವು ನೋಡಿ, ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಸಾಹುಕಾರರ ತಾಯಿ ಓಡಿಬಂದು ಬಾಗಿಲು ಹಾಕಿ ಅಗಳಿ ಜಡಿದರು. “ಯಪ್ಪಾ, ಹೊಡ್ಯಾಕ ಬಂದಾರೋ!” ಎಂದು ಒಳಗಿನಿಂದ ಬಾಯಿ ಬಡಿದುಕೊಂಡರು. ನಾವು ಅದಲ್ಲ ಇದಲ್ಲ ಎಂದು ಹೇಳಹೋದಷ್ಟೂ ಗದ್ದಲ ಹೆಚ್ಚಾಯಿತು. ಯಾರೋ ಫೋನ್ ಮಾಡಿರಬೇಕು, ಸ್ವಲ್ಪ ಹೊತ್ತಿಗೆ ಒಬ್ಬ ಪೊಲೀಸಪ್ಪ ಬಂದ.

“ಏನ್ ಗಲಾಟಿ ಇದು?”

“ಗಲಾಟಿ ಅಲ್ರೀ! ವಿನಂತಿ ಮಾಡ್ಕೊಳಾಕತ್ತೇವ್ರೀ!” ಎಂದೆ ನಾನು.

ಅವನು ಕಿವಿಗೆ ಬೆರಳು ಇಟ್ಟುಕೊಂಡ. “ಇದು ವಿನಂತಿ ಆದ್ರ, ನಿಮ್ಮ ಜಗಳಾ ಹೆಂಗಿರತೈತಬೇ ಯವ್ವಾ? ನಡೀರಿ ಮನೀಗೆ.”

ನೆರೆದಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವಮಾನದಿಂದ ಕಣ್ಣಲ್ಲಿ ನೀರು ಬಂತು. ಮನೆ ಮುಟ್ಟುವಷ್ಟರಲ್ಲಿ ಆ ನೀರು ಆರಿ ಸಿಟ್ಟೊಂದೇ ಉಳಿದಿತ್ತು. “ಕೇಳ್ಕೊಂಡಿದ್ದು ಸಾಕು, ಇನ್ನ ಕೇಳೂದ ಬ್ಯಾಡ” ಎಂದು ಜೊತೆಯಲ್ಲಿ ಕೆಲಸ ಮಾಡುವ ಮಹಾದೇವಿಗೆ ಹೇಳಿದೆ.

ಸೋಮವಾರ ಫ್ರಿಜ್ ಬಂತು. ಕಾಕಾ ಸೋಡಾ ಯಂತ್ರದ ಮೇಲೆ ಗೋಣಿಚೀಲ ಹೊದಿಸಿ ಮೂಲೆ ಹಿಡಿದಿದ್ದ. ನಮ್ಮ ಬೆಂಚು ಹೊರಗೆ ಗಟಾರದ ಪಕ್ಕ ಬಿದ್ದಿತ್ತು. ಊಟದ ಬಿಡುವಿನಲ್ಲಿ ನಾವು ನಾಲ್ವರು ಹೆಂಗಸರು ಅದನ್ನು ಎತ್ತಿ ತಂದು ಫ್ರಿಜ್ಜಿನ ಮುಂದೆಯೇ ಹಾಕಿ ಕುಳಿತೆವು. ಕೈಯಲ್ಲಿ ಮನೆಯಿಂದ ತಂದ ನೀರಿನ ತಂಬಿಗೆ. ಗಂಡಸರೂ ಬಂದು ಹಿಂದೆ ನಿಂತರು. ಅವರ ಕೈಯಲ್ಲೂ ನೀರೇ.

ಏಜೆಂಟ ತಾನೇ ಬಾಟಲಿ ಬಿಚ್ಚಿ ಮುಂದೆ ಹಿಡಿದ. “ತಗೋರಿ ಅಕ್ಕಾರ, ಇವತ್ತ ಪುಕ್ಕಟೆ.”

ಸುಳ್ಳು ಯಾಕೆ ಹೇಳಲಿ, ಆ ಬಿಸಿಲಲ್ಲಿ ತಣ್ಣನೆಯ ಬಾಟಲಿ ನೋಡಿ ನನಗೂ ಆಸೆಯಾಯಿತು. ಆದರೆ ಒಬ್ಬರೂ ಕೈ ಚಾಚಲಿಲ್ಲ. ಮಂಗಳವಾರ, ಬುಧವಾರ, ಗುರುವಾರವೂ ಅಷ್ಟೇ. ನಮ್ಮ ಶೆಡ್ಡಿನವರನ್ನು ನೋಡಿ ಅಕ್ಕಪಕ್ಕದ ಶೆಡ್ಡಿನವರೂ ತಂಬಿಗೆ ಹಿಡಿದು ಬಂದರು.

ಶುಕ್ರವಾರ ಏಜೆಂಟನ ಜೊತೆ ಸಾಹುಕಾರರೇ ಬಂದರು. “ಏಳ್ರಿ ಮ್ಯಾಲೆ. ಇದೇನ್ ನಿಮ್ಮಪ್ಪನ ಅಂಗಡಿಯೇನು?”

ನಾನು ಎದ್ದು ನಿಲ್ಲಲಿಲ್ಲ. “ಅಂಗಡಿ ನಿಮ್ದ್ರೀ, ಫ್ರಿಜ್ ಅವರ್ದ್ರೀ. ಗಂಟಲಾ ಮಾತ್ರ ನಮ್ದೈತಿ. ಅದರಾಗ ಏನ್ ಇಳೀಬೇಕನ್ನೂದು ನಾವ ಹೇಳಾವ್ರು!” ಎಂದೆ. ಮೂರು ಓಣಿಗೆ ಕೇಳಿಸಿರಬೇಕು. ಕೇಳಿಸಲಿ!

ಸಾಹುಕಾರರು ಏಜೆಂಟನ ಮುಖ ನೋಡಿದರು. ಅವನು, “ಇಲ್ಲಿ ವ್ಯಾಪಾರ ಆಗಂಗಿಲ್ರೀ ಸಾವ್ಕಾರ್ರ” ಎಂದು ಗೊಣಗಿದ. ಮರುದಿನವೇ ಟೆಂಪೋ ತಂದು ಫ್ರಿಜ್ ಹೇರಿಕೊಂಡು ಹೋದ. ಕಾಕಾ ಗೋಣಿಚೀಲ ತೆಗೆದು ಯಂತ್ರ ತಿರುಗಿಸುವಾಗ ಅಳುತ್ತಿದ್ದ. ನಾವೂ ಅತ್ತೆವು.

ಮುಂದೆ ಐದು ವರ್ಷ ಅಂಗಡಿ ನಡೆಯಿತು, ನಮ್ಮ ಬೆಂಚೂ ಅಲ್ಲೇ ಇತ್ತು. ವಯಸ್ಸಾಯಿತೆಂದು ಕಾಕಾ ತಾನಾಗಿಯೇ ಮುಚ್ಚಿದ. ಈಗ ಆ ಓಣಿಯಲ್ಲಿ ಎಲ್ಲಿ ನೋಡಿದರೂ ಫ್ರಿಜ್ಜೇ. “ಅಷ್ಟೆಲ್ಲಾ ಮಾಡಿ ಏನ್ ಸಿಕ್ಕತವಾ ನಿನಗ?” ಎಂದು ಮಗಳು ಚೇಷ್ಟೆ ಮಾಡುತ್ತಾಳೆ.

ಐದು ವರ್ಷ ಸಿಕ್ಕಿತು. ಏಳು ಎಂದವರ ಎದುರಿಗೇ, ಕಾಲು ಚಾಚಿ ಕುಳಿತ ಐದು ವರ್ಷ.