ತಿಕೋಟಾದ ಶೆಡ್ಡಿನಲ್ಲಿ ನಡೆದ ಮೌಖಿಕ ಪರೀಕ್ಷೆ

ನಾನು ಪಾಠ ಮಾಡುವ ವಿಶ್ವವಿದ್ಯಾಲಯ ಜಾಗತಿಕವಾಗಲು ನಿರ್ಧರಿಸಿದ ವರ್ಷ, ಕುಲಪತಿಗಳಿಗೆ ಹನ್ನೊಂದು ಪುಟಗಳ ಮನವಿ ಬರೆದೆ. ವಿದೇಶಿ ವಿದ್ಯಾರ್ಥಿಗಳಿಗೆಂದು ಕಟ್ಟಿದ ವಸತಿನಿಲಯಕ್ಕೆ ಬೀಗ ಹಾಕಿ, ಪಕ್ಕದಲ್ಲೇ ಬಬಲೇಶ್ವರ ಕಡೆಯ ಹುಡುಗಿಯರನ್ನು ಒಂದು ಕೋಣೆಗೆ ಆರು ಜನರಂತೆ ಮಲಗಿಸುವುದು ತಪ್ಪು. ಅಂತರರಾಷ್ಟ್ರೀಯ ಕೇಂದ್ರದ ಫಲಕದಲ್ಲಿ ಒಂದಕ್ಷರವೂ ಕನ್ನಡವಿಲ್ಲದಿರುವುದು ತಪ್ಪು. ಎಲ್ಲಕ್ಕಿಂತ ದೊಡ್ಡ ತಪ್ಪು, ಪ್ರತಿ ಪಿಎಚ್.ಡಿ. ಪ್ರಬಂಧಕ್ಕೂ ಒಬ್ಬ ವಿದೇಶಿ ಪರೀಕ್ಷಕರು ಬೇಕೆಂಬ ಹೊಸ ನಿಯಮ.

ನನ್ನ ಮಾರ್ಗದರ್ಶನದಲ್ಲಿದ್ದ ತಿಕೋಟಾದ ಹುಡುಗಿ ಮನವಿಯನ್ನು ಪೂರ್ತಿ ಓದಿದಳು. "ಮೇಡಂ, ಇದು ನನ್ನ ಪ್ರಬಂಧಕ್ಕಿಂತ ಚಲೋ ಐತ್ರಿ. ಆದ್ರ ನನಗ ಡಿಗ್ರಿ ಬೇಕ್ರಿ."

ಕಾಯಂ ಕೆಲಸದ ಸಂದರ್ಶನ ಅವಳಿಗೆ ಮುಂದಿನ ತಿಂಗಳಿತ್ತು. ಪದವಿಯಿಲ್ಲದೆ ಒಳಗೆ ಬಿಡುತ್ತಿರಲಿಲ್ಲ. ಒಣದ್ರಾಕ್ಷಿ ಶೆಡ್ಡುಗಳಲ್ಲಿ ಮಾಲು ಆರಿಸುವ ಹೆಂಗಸರ ಕೌಶಲ ಅವಳ ಸಂಶೋಧನೆಯ ವಿಷಯ.

ಮೌಖಿಕ ಪರೀಕ್ಷೆಯ ಬೆಳಿಗ್ಗೆ ಅಂತರರಾಷ್ಟ್ರೀಯ ಕೇಂದ್ರದ ಅಂತರ್ಜಾಲವೇ ಕೈಕೊಟ್ಟಿತು. ಆ ದಿನ ತಪ್ಪಿದರೆ, ಪರೀಕ್ಷಕಿಯಾಗಿದ್ದ ವಿದೇಶಿ ಪ್ರಾಧ್ಯಾಪಕಿ ವಿಡಿಯೊ ಕರೆಗೆ ಮತ್ತೆ ಸಿಗುವುದು ಎರಡು ತಿಂಗಳ ನಂತರ.

"ನಮ್ಮ ಕಾಕಾನ ಶೆಡ್ಡಿಗೆ ಹೋಗೂಣ್ರಿ," ಎಂದಳು ಹುಡುಗಿ. "ಅಲ್ಲಿಂದ ದಿನಾ ದುಬೈಗೆ ವಿಡಿಯೊ ಕಾಲ್ ಹೋಗ್ತೈತ್ರಿ."

ನಿಯಮದಲ್ಲಿ ಸ್ಥಳದ ಉಲ್ಲೇಖವಿಲ್ಲವೆಂದು ಖಚಿತಪಡಿಸಿಕೊಂಡು ವಿಭಾಗದ ಮುಖ್ಯಸ್ಥರೂ ನಮ್ಮೊಡನೆ ಹೊರಟರು.

ಶೆಡ್ಡಿನಲ್ಲಿ ಹತ್ತು ಹೆಂಗಸರು ಮಣೂಕದ, ಅಂದರೆ ಒಣದ್ರಾಕ್ಷಿಯ, ರಾಶಿಯ ಸುತ್ತ ಕುಳಿತು ಕಡ್ಡಿ ಆರಿಸಿ ತೆಗೆಯುತ್ತಿದ್ದರು. ಅವರ ಮುಖ್ಯಸ್ಥೆ ಹುಡುಗಿಯ ಚಿಗವ್ವ, ಅಂದರೆ ಚಿಕ್ಕಮ್ಮ. ದೂರದ ವ್ಯಾಪಾರಿ ತೆರೆಯ ಮೇಲೆ ಬಂದರೆ ಬೊಗಸೆ ಮಾಲು ಹಿಡಿದು ತೋರಿಸುವುದು ಅಲ್ಲಿಯ ಪದ್ಧತಿ. ಪ್ರಾಧ್ಯಾಪಕಿ ಕನ್ನಡಕ ಸರಿಪಡಿಸಿಕೊಂಡು ಮುಂದೆ ಬಾಗಿದ ಕೂಡಲೇ ಚಿಗವ್ವ ಬೊಗಸೆಯನ್ನು ಕ್ಯಾಮೆರಾಕ್ಕೆ ಒಡ್ಡಿದರು.

"ಚಿಗವ್ವಾ, ಇವ್ರು ಗಿರಾಕಿ ಅಲ್ಲ, ಪ್ರೊಫೆಸರ್!"

"ಇರ್ಲಿ ಬೇ. ಪ್ರೊಫೆಸರ್ ಮಣೂಕ ತಿನ್ನೂದಿಲ್ಲೇನು?"

ಮೊದಲ ಪ್ರಶ್ನೆ ಬಂತು. "ಏನಂತಾರ?" ಎಂದರು ಚಿಗವ್ವ.

"ನನ್ನ ಕೆಲಸದಾಗ ಏನು ಕೊರತಿ ಐತಿ ಅಂತ ಕೇಳಾಕತ್ತಾರ."

"ಏನೂ ಇಲ್ಲ ಅನ್ನು! ಕೇಳಿದ ಕೂಡ್ಲೇ ಯಾರರ ಕೊರತಿ ಒಪ್ಕೋತಾರೇನು, ಹುಚ್ಚಿ?"

ವಿಭಾಗದ ಮುಖ್ಯಸ್ಥರು ತಲೆಯಾಡಿಸಿದರು. ಹಿಂದಿನ ದಿನ ಅವರು ಕೊಟ್ಟಿದ್ದೂ ಇದೇ ಸಲಹೆ.

ಒಳ್ಳೆಯ ಹಣ್ಣನ್ನು ಈ ಹೆಂಗಸರು ಹೇಗೆ ಗುರುತಿಸುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ಹುಡುಗಿ ಮೂವರು ವಿದೇಶಿ ವಿದ್ವಾಂಸರನ್ನು ಉಲ್ಲೇಖಿಸಿದಳು. "ಅವರನ್ನು ನಾನು ಬಲ್ಲೆ. ನಿಮ್ಮ ಪಕ್ಕದಲ್ಲಿರುವವರನ್ನು ಕೇಳಿ," ಎಂದರು ಪ್ರಾಧ್ಯಾಪಕಿ ಇಂಗ್ಲಿಷಿನಲ್ಲಿ.

ಹುಡುಗಿ ಕೇಳಿದಾಗ ಚಿಗವ್ವ ಒಂದು ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿದರು. "ಮೊದಲ ಬೆರಳಿಗೆ ತಿಳೀತೈತಿ. ಕಣ್ಣಿಗೆ ಆಮ್ಯಾಲೆ."

ಪ್ರಬಂಧದ ಮೂರನೆಯ ಅಧ್ಯಾಯದ ತುಂಬ ಕಣ್ಣೇ ಇತ್ತು. ಬೆರಳು ಎಲ್ಲಿಯೂ ಇರಲಿಲ್ಲ. ಅನುವಾದ ಕೇಳಿದ ಪ್ರಾಧ್ಯಾಪಕಿ ಪುಟ ತಿರುವಿ, ಇದನ್ನು ಈ ಹೆಂಗಸರಿಗೆ ಓದಿ ಹೇಳಿದ್ದೀರಾ ಎಂದರು. ಹುಡುಗಿ ನನ್ನತ್ತ ನೋಡಿದಳು; ಓದಿ ಹೇಳೆಂದು ನಾನೂ ಅವಳಿಗೆ ಸೂಚಿಸಿರಲಿಲ್ಲ. ನನ್ನ ಹನ್ನೊಂದು ಪುಟಗಳಲ್ಲಿ ಆ ತಪ್ಪೊಂದು ಬಿಟ್ಟುಹೋಗಿತ್ತು.

ಷರತ್ತಿನ ಮೇಲೆ ಅವಳು ಉತ್ತೀರ್ಣಳಾದಳು: ಮೂರು ವಾರಗಳೊಳಗೆ ಪ್ರಬಂಧವನ್ನು ಈ ಹೆಂಗಸರಿಗೆ ಓದಿ, ತಿದ್ದಿ, ಚಿಗವ್ವನ ಸಹಿ ಪಡೆಯಬೇಕು.

"ಇದು ಯಾವ ನಿಯಮದಡಿ?" ಎಂದರು ಮುಖ್ಯಸ್ಥರು.

"ಜಾಗತಿಕ ಗುಣಮಟ್ಟಕ್ಕೆಂದು ತಾನೇ ನನ್ನನ್ನು ಕರೆದದ್ದು?" ಎಂದರು ಪ್ರಾಧ್ಯಾಪಕಿ. ವಿದೇಶಿ ಪರೀಕ್ಷಕರ ನಿಯಮ ಇಂದಿಗೂ ತಪ್ಪೆಂದೇ ನನ್ನ ನಿಲುವು. ಆದರೆ ಆ ಷರತ್ತಿನ ವಿರುದ್ಧ ಬರೆಯಲು ನನ್ನ ಬಳಿ ಏನೂ ಇರಲಿಲ್ಲ.

ಓದು ಶುರುವಾದ ಮೂರನೆಯ ದಿನ ನಾನೂ ಶೆಡ್ಡಿನಲ್ಲಿದ್ದಾಗ ಚಿಗವ್ವ ಕೈಯೆತ್ತಿದರು. "ನಿಲ್ಲು. ನಾವು ದನಿ ಇಲ್ಲದವ್ರಂತ ಬರದೀಯಲ್ಲ, ಯಾರು ಹೇಳಿದ್ರು ನಿನಗ?"

ಉಳಿದ ಒಂಬತ್ತು ಜನ ಒಟ್ಟಿಗೇ ಬೈಯತೊಡಗಿದರು. ಆ ವಾಕ್ಯವನ್ನು ಸೇರಿಸಿದ್ದು ನಾನೆಂದು ಒಪ್ಪಿಕೊಂಡೆ.

"ಹಂಗಾರ ಬಾಯಾರ, ಇಲ್ಲಿ ಕುಂದರ್ರಿ. ಒಂದ ತಾಸು ಕಡ್ಡಿ ಆರಸ್ರಿ. ಆಮ್ಯಾಲೆ ನಮ್ಮ ಬಗ್ಗೆ ಬರೀರಿ."

ಕುಳಿತೆ. ತಾಸಿನ ನಂತರ ಚಿಗವ್ವ ನಾನು ಆರಿಸಿದ್ದರಲ್ಲಿ ಬೆರಳಾಡಿಸಿ, ಅಷ್ಟನ್ನೂ ರಾಶಿಗೆ ಮರಳಿ ಸುರಿದರು. ಬಳಿಕ ಹುಡುಗಿಯ ಪೆನ್ನು ಇಸಿದುಕೊಂಡು ನನ್ನ ವಾಕ್ಯವನ್ನು ತಾವೇ ಹೊಡೆದುಹಾಕಿದರು. ಕೊನೆಯ ಪುಟಕ್ಕೆ ಅವರ ಸಹಿ ಬಿದ್ದಾಗ ಸಂದರ್ಶನಕ್ಕೆ ಎರಡೇ ದಿನ ಉಳಿದಿದ್ದವು.