ಶನಿವಾರದ ಪರೀಕ್ಷೆ

ನನ್ನ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕದಲ್ಲಿ, ಹಸಿರು ಗಾಜಿನ ಬಳೆಯ ಒಂದು ಚೂರಿದೆ. ಚಿಕ್ಕೋಡಿಯ ಈ ಕೋಣೆಗೆ ಬಂದವರು ಅದನ್ನು ಎತ್ತಿ ನೋಡಿ, ಏನೂ ಕೇಳದೆ ಮತ್ತೆ ಅಲ್ಲೇ ಇಡುತ್ತಾರೆ. ನಿಮಗೆ ಹೇಳುತ್ತೇನೆ.

ಇಲ್ಲಿ ನಾವು ಮೂವರು, ವಿದ್ಯುತ್ ಮಗ್ಗಗಳನ್ನು ನಡೆಸುವ ಪುಟ್ಟ ಡಬ್ಬಿಗೆ ಪ್ರೋಗ್ರಾಂ ಬರೆಯುತ್ತೇವೆ. ಬರೆದದ್ದನ್ನು ಕಂಪ್ಯೂಟರು ಯಂತ್ರದ ಭಾಷೆಗೆ ಇಳಿಸಿದೊಡನೆ, ಅದರ ಬೆನ್ನಿಗೇ ಪರೀಕ್ಷೆಗಳು ತಾವಾಗಿ ಓಡುತ್ತವೆ. ಪರೀಕ್ಷೆಗಳು ಹೆಚ್ಚಿದಂತೆ ಕಾಯುವ ಬೇಸರವೂ ಹೆಚ್ಚಿ, ನಮ್ಮಲ್ಲಿ ಹಿರಿಯರಾದ ಮಹಾದೇವಣ್ಣ ಅವನ್ನು ಎರಡು ಗುಂಪು ಮಾಡಿದರು: ಬೇಗ ಮುಗಿಯುವವು ಪ್ರತಿ ಸಲವೂ, ನಿಧಾನದವು ಶನಿವಾರ ಮಾತ್ರ. ನಾವೆಲ್ಲ ಮೆಚ್ಚಿದೆವು. ಹೋದ ಕರೆಂಟ್ ಮರಳಿದಾಗ, ಗುಂಡಿ ಒತ್ತುವವರೆಗೂ ಮಗ್ಗ ಅಲುಗಬಾರದು ಎಂಬ ಪರೀಕ್ಷೆ, ಕಾದು ನೋಡಬೇಕಾದದ್ದರಿಂದ, ಶನಿವಾರಕ್ಕೆ ಹೋಯಿತು.

ಒಂದು ಬುಧವಾರ ಸಣ್ಣ ತಿದ್ದುಪಡಿ ಮಾಡಿದೆವು. ಪರದೆಯ ಮೇಲೆ ಎಲ್ಲವೂ ಹಸಿರು, ಅಂದರೆ ಓಡಿದ ಪರೀಕ್ಷೆಗಳೆಲ್ಲ ಪಾಸು. ಮರುದಿನ ಬೋರಗಾಂವದ ಶೆಡ್ಡಿನಲ್ಲಿ ಹೊಸ ಪ್ರೋಗ್ರಾಂ ಹಾಕಿ ನಾನು ಮಗ್ಗದ ಬಳಿ ನಿಂತಿದ್ದೆ. ಕರೆಂಟ್ ಹೋಯಿತು. ಅಲ್ಲಿ ಆಗ ಯಾರೂ ಸುಮ್ಮನೆ ಕೂರುವುದಿಲ್ಲ. ಕಡಿದ ಎಳೆಗಳಿಗೆ ಗಂಟು ಹಾಕಲು ಅದೇ ಹೊತ್ತು. ನೇಯುವ ಶಾಂತಕ್ಕ ಮಗ್ಗದೊಳಗೆ ಕೈ ಇಟ್ಟರು.

“ಸರ, ನಡುವ ಕರೆಂಟ್ ಬಂದ್ರ ನಿಮ್ಮ ಡಬ್ಬಿ ಸುಮ್ನಿರತೈತೇನ್ರಿ?”

“ನೀವು ಗುಂಡಿ ಒತ್ತೂತನಕ ಅಲ್ಲಾಡೂದಿಲ್ರಿ ಅಕ್ಕಾರ,” ಎಂದೆ.

ಕರೆಂಟ್ ಬಂತು. ಮಗ್ಗ ಓಡಿತು. ಗಾಜು ಒಡೆದ ಸದ್ದು ಆ ಗದ್ದಲದಲ್ಲೂ ನನಗೆ ಕೇಳಿಸಿತು. ಯಾರೋ ಸ್ವಿಚ್ ಎಳೆದರು. ಶಾಂತಕ್ಕ ನೆಲಕ್ಕೆ ಕುಸಿದು, ರಕ್ತ ಒಸರುವ ಮಣಿಕಟ್ಟನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಂಡರು.

“ಬೆರಳ ಅದಾವ್ರಿ. ಬಳಿ ಹೋತು, ಹೋಗ್ಲಿ,” ಎಂದರು. ಆಮೇಲೆ ಡಬ್ಬಿಯತ್ತ ಗದ್ದ ತಿರುಗಿಸಿ, “ಈ ಮಬ್ಬನ್ನ ಒಯ್ದು ಮೊದಲ ಸಾಲಿ ಕಲಿಸ್ರಿ!” ಶೆಡ್ಡಿನವರೆಲ್ಲ ನಕ್ಕರು. ನಾನು ನೆಲಕ್ಕೆ ಬಿದ್ದಿದ್ದ ಹಸಿರು ಬಳೆಯ ಚೂರೊಂದನ್ನು ಹೆಕ್ಕಿಕೊಂಡೆ.

ಸಂಜೆ ಚಿಕ್ಕೋಡಿಗೆ ಮರಳಿ ಶನಿವಾರದ ಪರೀಕ್ಷೆಯನ್ನು ಗುರುವಾರವೇ ಓಡಿಸಿದೆವು. ಅದು ತಪ್ಪನ್ನು ಕೂಡಲೇ ತೋರಿಸಿತು. ಅದಕ್ಕೆ ಎಲ್ಲವೂ ತಿಳಿದಿತ್ತು; ಅದನ್ನು ಯಾರೂ ಕರೆದಿರಲಿಲ್ಲ. ಪರೀಕ್ಷೆಗಳನ್ನು ಜೋಡಿಸುವಾಗ ನಾವು ಕುರ್ಚಿಯಲ್ಲಿ ಕೂತವರ ಬೇಸರವನ್ನು ಅಳೆದಿದ್ದೆವು. ಮಗ್ಗದೊಳಗೆ ಕೈ ಇಟ್ಟವರು ನಮ್ಮ ಎಣಿಕೆಗೆ ಬಂದಿರಲಿಲ್ಲ. ಮಹಾದೇವಣ್ಣ ಗುಂಪುಗಳನ್ನು ಒಡೆದು, ನೇಯುವವರ ಕೈಗೆ ಸಂಬಂಧಿಸಿದ ಪರೀಕ್ಷೆಗಳನ್ನೆಲ್ಲ ಮೊದಲಿಗೆ ತಂದರು. ಅವುಗಳಲ್ಲಿ ಗೆಲ್ಲದೆ ಈಗ ಪ್ರೋಗ್ರಾಂ ಈ ಕೋಣೆ ದಾಟುವುದಿಲ್ಲ.

ಆದ್ದರಿಂದ ಪ್ರತಿ ಸಲವೂ ಕಾಯುತ್ತೇವೆ. ಪರದೆ ಹಸಿರಾಗುವ ಮುನ್ನ ನಾನು ಈ ಹಸಿರು ಚೂರನ್ನು ಅಂಗೈಯಲ್ಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚುತ್ತೇನೆ.